ಏರಿಯ ಇಳಿಜಾರು, ಎಡಗಡೆಯ ಬ್ರೇಕು

1947ರ ಮಾರ್ಚ್ ತಿಂಗಳಲ್ಲಿ, ಕೃಷ್ಣರಾಜಪುರದ ಆಚೆಯ ಒಂದು ಕೆರೆಯ ಏರಿಯನ್ನು ಅಗಲ ಮಾಡುತ್ತಿದ್ದ ನಮ್ಮ ವರ್ಕ್‌ಶಾಪಿನ ಬುಲ್‌ಡೋಜರ್, ಇಳಿಜಾರಿನಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ ನೀರಿಗೆ ಇಳಿಯಿತು. ಆಪರೇಟರ್ ಸೀಟಿನಿಂದ ಹಾರಿಕೊಂಡ. ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರ ಇಂಜಿನ್ನಿನ ಮಟ್ಟಕ್ಕೆ ಕೆಸರಿನಲ್ಲಿ ಹೂತು, ತಗಡಿನ ಚಾವಣಿಯನ್ನು ಒಂದು ಕಡೆಗೆ ವಾಲಿಸಿಕೊಂಡು ನಿಂತಿತು. ಅದನ್ನು ಉಕ್ಕಿನ ಹಗ್ಗ ಕಟ್ಟಿ ಇನ್ನೊಂದು ಬುಲ್‌ಡೋಜರಿನಿಂದ ಎಳೆಸುವಷ್ಟರಲ್ಲಿ ಸುತ್ತಲಿನ ಹಳ್ಳಿಗಳ ಜನವೆಲ್ಲ ಏರಿಯ ಮೇಲೆ ಸೇರಿದ್ದರು.

ನಾನು ಆಗ ಆ ವರ್ಕ್‌ಶಾಪಿನ ಡ್ರಾಯಿಂಗ್ ಆಫೀಸಿನಲ್ಲಿದ್ದೆ. ಹಲಸೂರಿನಿಂದ ಪೂರ್ವಕ್ಕೆ ಹೋಗುವ ಮದ್ರಾಸ್ ರಸ್ತೆಯ ಪಕ್ಕದಲ್ಲಿ, ಯುದ್ಧದ ಕಾಲದಲ್ಲಿ ಎದ್ದ ಉದ್ದನೆಯ ತಗಡಿನ ಷೆಡ್ಡುಗಳಲ್ಲಿ ನಮ್ಮ ಕೆಲಸ. ಬೆಳಿಗ್ಗೆ ಸೈಕಲ್ಲಿನಲ್ಲಿ ಹಲಸೂರು ಕೆರೆ ದಾಟುವಾಗ ಪಲ್ಟಣದ ಬ್ಯೂಗಲ್ ಕೇಳುತ್ತಿತ್ತು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ರಾಗಿ ಹೊಲ, ಹುರುಳಿ ಹೊಲ, ನಡುವೆ ಒಂದೊಂದು ಬಾವಿ. ಡ್ರಾಯಿಂಗ್ ಆಫೀಸಿನ ಹೊರಗೆ ಗಾಜಿನ ಚೌಕಟ್ಟಿನಲ್ಲಿ ನಕ್ಷೆಯನ್ನೂ ರಾಸಾಯನಿಕ ಹಚ್ಚಿದ ಕಾಗದವನ್ನೂ ಒಟ್ಟಿಗೆ ಬಿಸಿಲಿಗೆ ಇಟ್ಟು ನೀಲಿ ಪ್ರತಿ ತೆಗೆಯುತ್ತಿದ್ದೆವು. ಮೋಡ ಬಂದರೆ ಕೆಲಸ ನಿಲ್ಲುತ್ತಿತ್ತು. ಮೋಡ ಸರಿಯುವವರೆಗೆ ಎದುರಿನ ಗುಡಿಸಲು ಹೋಟೆಲಿನಲ್ಲಿ ಕಾಫಿ ಕುಡಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಕಾಫಿಯ ರುಚಿ ಈಗಲೂ ನಾಲಿಗೆಯಲ್ಲಿದೆ.

ಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ಬುಲ್‌ಡೋಜರುಗಳನ್ನು ಕೊಂಡು, ರಿಪೇರಿ ಮಾಡಿ, ರಸ್ತೆ ಮತ್ತು ಕೆರೆ ಕೆಲಸಗಳಿಗೆ ಕಳಿಸುವುದು ನಮ್ಮ ವರ್ಕ್‌ಶಾಪಿನ ವ್ಯವಹಾರ. ಯಂತ್ರಗಳು ಗಟ್ಟಿಯಾಗಿದ್ದವು. ತೊಂದರೆ ಇದ್ದದ್ದು ಆಪರೇಟರ್ ಕೂರುವ ಜಾಗದಲ್ಲಿ. ಅದು ಉದ್ದ ಕಾಲಿನ, ದಪ್ಪ ಬೂಟಿನ ವಿದೇಶಿ ಸಿಪಾಯಿಗಳಿಗೆ ಮಾಡಿದ್ದು. ನಮ್ಮವರು ಸೀಟಿನ ಹಿಂಭಾಗಕ್ಕೆ ಒರಗಿದರೆ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಸೀಟಿನಿಂದ ಜಾರಿ, ಅರ್ಧ ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕುತ್ತಿದ್ದರು. ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು. ಬೇಸಿಗೆಯಲ್ಲಿ ತಲೆಯ ಮೇಲೆ ನೆರಳೂ ಇರಲಿಲ್ಲ.

ಇದನ್ನು ಸರಿಪಡಿಸಲು ಹಿಂದಿನ ವರ್ಷವೇ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಒಂದು ಹೊಸ ವಿನ್ಯಾಸ ಮಾಡಿದ್ದರು. ಬ್ರೇಕ್ ಪೆಡಲುಗಳ ಮೇಲೆ ಉಕ್ಕಿನ ದಿಮ್ಮಿ ಬೆಸೆದು ಎತ್ತರ ಮಾಡುವುದು, ಬೆನ್ನಿಗೆ ಹತ್ತಿ ತುಂಬಿದ ಒರಗು, ಮೇಲೆ ನಾಲ್ಕು ಕಂಬದ ತಗಡಿನ ಚಾವಣಿ. ದಿಮ್ಮಿಯ ಎತ್ತರ ಗೊತ್ತುಮಾಡಲು ಆಪರೇಟರುಗಳನ್ನು ಒಬ್ಬೊಬ್ಬರನ್ನಾಗಿ ಆಫೀಸಿಗೆ ಕರೆಸಿದರು. ಸೀಟಿನಷ್ಟೇ ಎತ್ತರದ ಬೆಂಚಿನ ಮೇಲೆ ಕೂರಿಸಿ ಸೊಂಟದಿಂದ ಪಾದದವರೆಗೆ ಅಳೆದರು. ಟೇಪಿನ ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ. ಹೊಸ ವಿನ್ಯಾಸ ಎಲ್ಲರಿಗೂ ಹಿಡಿಸಿತು. ಆಪರೇಟರುಗಳು ಒರಗಿಗೆ ಬೆನ್ನು ಕೊಟ್ಟು, ನೆರಳಿನಲ್ಲಿ ಕೂತು ಕೆಲಸ ಮಾಡತೊಡಗಿದರು. ಕೆರೆಗೆ ಇಳಿದದ್ದು ಈ ಹೊಸ ವಿನ್ಯಾಸ ಕೂರಿಸಿದ ಮೊದಲ ಯಂತ್ರ.

ಅದರ ಆಪರೇಟರ್ ದೊಮ್ಮಲೂರಿನವನು. ಮನೆಯವರು ಬೇಸಾಯಗಾರರು. ಯುದ್ಧದಲ್ಲಿ ಅಸ್ಸಾಮಿನ ಕಡೆ ರಸ್ತೆ ಕಡಿಯುವ ದಳದಲ್ಲಿ ಈ ಕೆಲಸ ಕಲಿತು ಬಂದಿದ್ದ. ಮಾತು ಕಡಿಮೆ. ಘಟನೆಯ ಮರುದಿನ ಮ್ಯಾನೇಜರು ಅವನನ್ನು ಸೀಟಿನಿಂದ ಇಳಿಸಿ ಕ್ಲೀನರ್ ಕೆಲಸಕ್ಕೆ ಹಾಕಿದರು. ವಿಚಾರಣೆಯ ವರದಿ ಬಂದ ಮೇಲೆ ಇಟ್ಟುಕೊಳ್ಳುವುದೋ ಮನೆಗೆ ಕಳಿಸುವುದೋ ತೀರ್ಮಾನ ಎಂದರು. ಷೆಡ್ಡಿನಲ್ಲಿ ಅವನ ಜೊತೆಯವರು ಅಷ್ಟು ಗಂಭೀರವಾಗಿರಲಿಲ್ಲ.

‘ಎಮ್ಮೆ ಮೈ ತೊಳ್ಯೋಕೆ ಕೆರೇಗಿಳಿಸ್ದಂಗೆ ಇಳಿಸ್ಬಿಟ್ಯಲ್ಲೋ ಗುರು’ ಎಂದ ಒಬ್ಬ.

‘ಸೋಪು ಮರೆತ್ಬಿಟ್ಟಿದ್ದ ಪಾಪ’ ಎಂದ ಇನ್ನೊಬ್ಬ.

ಅವನು ಮೊದಲೆರಡು ದಿನ ನಕ್ಕ. ಆಮೇಲೆ ನಗಲಿಲ್ಲ.

ವಿಚಾರಣೆ ಫೋರ್‌ಮನ್‌ಗೆ ಸೇರಿತು. ಆತ ಫ್ರೇಜರ್ ಟೌನಿನ ಆಂಗ್ಲೋ-ಇಂಡಿಯನ್. ಆರಡಿ ಎತ್ತರ, ದೊಡ್ಡ ದನಿ. ಇಂಗ್ಲಿಷ್, ತಮಿಳು, ಕನ್ನಡಗಳನ್ನು ಒಂದೇ ವಾಕ್ಯದಲ್ಲಿ ಬೆರೆಸುತ್ತಿದ್ದ. ವರದಿಗೆ ಬೇಕಾದ ನಕ್ಷೆ ಬರೆಯುವುದು ನನ್ನ ಪಾಲಿಗೆ ಬಂತು.

ಈ ಯಂತ್ರವನ್ನು ತಿರುಗಿಸುವ ಕ್ರಮವನ್ನು ಇಲ್ಲಿ ಹೇಳಬೇಕು. ಅದಕ್ಕೆ ಸ್ಟೀರಿಂಗ್ ಚಕ್ರ ಇಲ್ಲ. ಎಡಬಲಕ್ಕೆ ಒಂದೊಂದು ಲಿವರು, ಒಂದೊಂದು ಬ್ರೇಕ್ ಪೆಡಲು. ಎಡಗಡೆಯ ಲಿವರನ್ನು ಎಳೆದರೆ ಎಡಗಡೆಯ ಉಕ್ಕಿನ ಚೈನಿಗೆ ಇಂಜಿನ್ನಿನ ಸಂಪರ್ಕ ತಪ್ಪುತ್ತದೆ. ಆ ಬದಿಯ ಬ್ರೇಕನ್ನೂ ತುಳಿದರೆ ಆ ಚೈನು ನಿಂತು, ಬಲಗಡೆಯದು ಓಡುತ್ತ, ಯಂತ್ರ ಎಡಕ್ಕೆ ತಿರುಗುತ್ತದೆ. ಫೋರ್‌ಮನ್‌ನ ವಾದ ಸರಳವಾಗಿತ್ತು. ಯಂತ್ರ ಬಲಕ್ಕೆ ಹೋಗಿದೆ. ಆದ್ದರಿಂದ ಇವನು ಗಾಬರಿಯಲ್ಲಿ ಬಲಗಡೆಯ ಲಿವರನ್ನು ಎಳೆದಿದ್ದಾನೆ.

‘ಎಡಗಡೇದೇ ಎಳೆದೆ ಸಾರ್’ ಎಂದ ಆಪರೇಟರ್. ‘ಬ್ರೇಕೂ ತುಳಿದೆ. ಪೂರ್ತಿ ತುಳಿದೆ.’

‘ವಾಟ್ ಮ್ಯಾನ್, ಎಡಗಡೆ ಎಳೆದ್ರೆ ಗಾಡಿ ಬಲಗಡೆ ಹೋಗ್ತದಾ? ಗಾಡಿಗೆ ಹುಚ್ಚು ಹಿಡಿದಿದೆಯಾ?’

ಇಳಿಜಾರಿನಲ್ಲಿ ಹಾಗೂ ಆಗಬಹುದು ಎಂಬುದು ಫೋರ್‌ಮನ್‌ಗೆ ಗೊತ್ತಿರದ ಸಂಗತಿಯಲ್ಲ. ಯಂತ್ರ ಇಳಿಯುವಾಗ ಇಂಜಿನ್ನೇ ಚೈನುಗಳನ್ನು ಹಿಡಿದು ನಿಧಾನ ಮಾಡುತ್ತಿರುತ್ತದೆ. ಆಗ ಎಡಗಡೆಯ ಸಂಪರ್ಕ ತಪ್ಪಿಸಿ ಬ್ರೇಕು ಹಿಡಿಯದಿದ್ದರೆ, ಎಡಗಡೆಯ ಚೈನು ತನ್ನ ಭಾರಕ್ಕೆ ತಾನೇ ಜೋರಾಗಿ ಓಡಿ ಯಂತ್ರವನ್ನು ಬಲಕ್ಕೆ ತಿರುಗಿಸುತ್ತದೆ. ಆದರೆ ಅದಕ್ಕೆ ಬ್ರೇಕು ಕೈಕೊಟ್ಟಿರಬೇಕು. ಆದ್ದರಿಂದ ಮೊದಲು ಬ್ರೇಕನ್ನು ಬಿಚ್ಚಿ ನೋಡೋಣ ಎಂದು ಆತನೇ ಹೇಳಿದ. ಎರಡೂ ಬದಿಯ ಬ್ರೇಕ್ ಪಟ್ಟಿಗಳನ್ನು ಬಿಚ್ಚಿದೆವು. ಒಳಹೊಕ್ಕಿದ್ದ ಕೆರೆಯ ನೀರು ಒಣಗಿತ್ತು, ಎಣ್ಣೆ ಸೋರಿದ ಗುರುತಿರಲಿಲ್ಲ, ಪಟ್ಟಿಗಳ ಲೈನಿಂಗ್ ಹೊಸದಾಗಿಯೇ ಇತ್ತು. ಮತ್ತೆ ಜೋಡಿಸಿದೆವು.

ವರ್ಕ್‌ಶಾಪಿನ ಹಿಂದೆ, ಲಾರಿಗೆ ಯಂತ್ರ ಹತ್ತಿಸಲೆಂದು ಕಟ್ಟಿದ ಒಂದು ಮಣ್ಣಿನ ದಿಬ್ಬವಿತ್ತು. ಅದರ ಇಳಿಜಾರು ಕೆರೆ ಏರಿಯದ್ದಕ್ಕಿಂತ ಹೆಚ್ಚೇ. ಫೋರ್‌ಮನ್ ತಾನೇ ಹತ್ತಿ, ಇಳಿಯುತ್ತ ಎಡಗಡೆಯ ಲಿವರ್ ಎಳೆದು ಬ್ರೇಕು ತುಳಿದ. ಯಂತ್ರ ಎಡಕ್ಕೆ ತಿರುಗಿತು. ಎರಡು ಮೂರು ಸಲ ಮಾಡಿದ. ಪ್ರತಿ ಸಲವೂ ಎಡಕ್ಕೇ.

‘ನಿಮ್ಮ ಕಾಲು ಉದ್ದ. ಅವನೇ ಓಡಿಸಲಿ’ ಎಂದರು ಮ್ಯಾನೇಜರು. ಅವರು ರೈಲ್ವೆಯಿಂದ ನಿವೃತ್ತರಾಗಿ ಬಂದಿದ್ದ ಎಂಜಿನಿಯರು. ಪೇಟ, ಮುಚ್ಚಿದ ಕೋಟು, ಎಂದೂ ಏರಿಸದ ದನಿ. ಆಪರೇಟರನ್ನು ಕರೆಸಿದರು. ಅವನು ಬೂಟಿನ ಲೇಸು ಬಿಗಿದುಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಬಂದು ಸೆಲ್ಯೂಟ್ ಹೊಡೆದು ಹತ್ತಿದ. ಇಳಿಯುತ್ತ ಎಡಗಡೆಯ ಲಿವರ್ ಎಳೆದು ಬ್ರೇಕು ತುಳಿದ. ಯಂತ್ರ ಎಡಕ್ಕೆ ತಿರುಗಿ ನಿಂತಿತು.

ಅವನ ಪರವಾಗಿದ್ದ ಕೊನೆಯ ಅನುಮಾನವನ್ನು ಅವನ ಕೈಯಿಂದಲೇ ತೊಡೆದುಹಾಕಿಸಿದಂತಾಯಿತು. ಬ್ರೇಕು ಸರಿ, ಪೆಡಲು ಸರಿ, ಅವನ ಕಾಲೂ ಎಟುಕುತ್ತದೆ. ಮ್ಯಾನೇಜರು ಆಫೀಸಿಗೆ ಹೋದರು. ಅವನು ಯಂತ್ರದಿಂದ ಇಳಿದು ಬಂದು ನನ್ನ ಪಕ್ಕ ನಿಂತ.

‘ಸಾರ್, ನಾನೇ ಬಲಗಡೇದು ಎಳೆದಿದ್ನೋ ಏನೋ’ ಎಂದ. ‘ಎಲ್ರೂ ಹಂಗೇ ಅಂತವ್ರೆ. ಈಗ ನೆನೆಸ್ಕೊಂಡ್ರೆ ನಂಗೂ ಕೈ ಯಾವ್ದು ಅಂತ ಗೊತ್ತಾಗ್ತಿಲ್ಲ.’

ವರದಿ ಬರೆಯುವುದಷ್ಟೇ ಉಳಿದಿತ್ತು. ಅದಕ್ಕೆ ಸೀಟು, ಲಿವರು, ಪೆಡಲುಗಳ ನಕ್ಷೆ ಬೇಕು. ಶುಕ್ರವಾರ ಮಧ್ಯಾಹ್ನ ನಾನು ಟೇಪು ತೆಗೆದುಕೊಂಡು ಷೆಡ್ಡಿಗೆ ಹೋದೆ. ಅವನು ಯಂತ್ರವನ್ನು ಒರೆಸಿ, ರೇಡಿಯೇಟರಿನ ಮೇಲೆ ಕುಂಕುಮ ಇಟ್ಟು, ನಿಂಬೆಹಣ್ಣು ಸಿಕ್ಕಿಸಿದ್ದ. ಕ್ಲೀನರ್ ಆದ ಮೇಲೂ ಶುಕ್ರವಾರದ ಪೂಜೆಯನ್ನು ಅವನು ಬಿಟ್ಟಿರಲಿಲ್ಲ. ನಾನು ಚೈನಿನ ಮೇಲೆ ಕಾಲಿಟ್ಟು ಹತ್ತಹೊರಟೆ.

‘ಸಾರ್, ಶೂ’ ಎಂದ.

‘ಏನು?’

‘ಶೂ ಬಿಟ್ಟು ಹತ್ತಿ ಸಾರ್. ಪೂಜೆ ಆಗ್ಯದೆ.’

ಬೂಟು ಬಿಚ್ಚಿ ಕೆಳಗಿಟ್ಟೆ. ಹತ್ತಿ, ಒರಗಿಗೆ ಬೆನ್ನು ಕೊಟ್ಟು ಕೂತೆ. ಪೆಡಲು ಪೂರ್ತಿ ಕೆಳಗಿದ್ದಾಗಿನ ಅಂತರವನ್ನೂ ಅಳೆಯಬೇಕಿತ್ತು. ಎಡಗಾಲಿನಲ್ಲಿ ತುಳಿದೆ. ಪೆಡಲು ಮುಕ್ಕಾಲು ಪಾಲು ಇಳಿಯಿತು. ಅಲ್ಲಿಗೆ ನನ್ನ ಮೊಳಕಾಲು ನೆಟ್ಟಗಾಗಿ ಕಾಲು ಮುಗಿಯಿತು. ಇನ್ನೂ ಒತ್ತೋಣವೆಂದರೆ ಒತ್ತಲು ಕಾಲೇ ಇರಲಿಲ್ಲ. ಮೊದಲಿನವರ ಹಾಗೆ ಎದ್ದು ನಿಂತು ತುಳಿಯಲು ನೋಡಿದೆ. ತಲೆ ಚಾವಣಿಯ ಅಡ್ಡಪಟ್ಟಿಗೆ ಬಡಿಯಿತು. ನಾನೂ ಅವನೂ ಸುಮಾರು ಒಂದೇ ಎತ್ತರ.

‘ನೀನು ಇದನ್ನ ಓಡಿಸುವಾಗ ಬೂಟು ಎಲ್ಲಿರುತ್ತೆ?’ ಎಂದು ಕೇಳಿದೆ.

‘ಕೆಳಗೆ’ ಎಂದ.

‘ಏರಿ ಮೇಲೆ ಅವತ್ತು?’

‘ಅವತ್ತೂ ಕೆಳಗೇ ಸಾರ್. ಪೂಜೆ ಮಾಡೋ ಗಾಡಿ, ಬೂಟುಗಾಲಲ್ಲಿ ತುಳ್ಯೋಕಾಗ್ತದಾ?’

‘ಮ್ಯಾನೇಜರ ಮುಂದೆ ಹಾಕ್ಕೊಂಡು ಹತ್ತಿದೆಯಲ್ಲ?’

‘ದೊಡ್ಡೋರ ಮುಂದೆ ಬರಿಗಾಲಲ್ಲಿ ನಿಂತ್ಕೊಳ್ಳೋಕಾಗ್ತದಾ ಸಾರ್?’

ಆಫೀಸಿನ ಬೆಂಚಿನ ಮೇಲೆ ಅಳತೆ ಕೊಡಲು ಬಂದ ದಿನವೂ ಅಷ್ಟೆ. ಎಲ್ಲ ಆಪರೇಟರುಗಳೂ ಬೂಟಿಗೆ ಪಾಲಿಶ್ ಹಾಕಿಕೊಂಡೇ ಬಂದಿದ್ದರು. ಆಫೀಸಿಗೆ ಮರ್ಯಾದೆ ಕೊಟ್ಟು ಬೂಟು ಹಾಕಿಕೊಂಡವರು ಯಂತ್ರಕ್ಕೆ ಮರ್ಯಾದೆ ಕೊಟ್ಟು ಬಿಚ್ಚುತ್ತಿದ್ದರು. ನಮ್ಮ ದಿಮ್ಮಿಗಳ ಎತ್ತರ ಬೂಟುಗಾಲಿನ ಅಳತೆಯದು. ಸಮತಟ್ಟು ನೆಲದಲ್ಲಿ ಮುಕ್ಕಾಲು ಬ್ರೇಕು ಸಾಕಾಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹಳೆಯ ಸೀಟಿನಲ್ಲಿ ಎದ್ದು ನಿಲ್ಲುತ್ತಿದ್ದುದರಿಂದ ಕೊರತೆ ತುಂಬುತ್ತಿತ್ತು. ಒರಗು ಮತ್ತು ಚಾವಣಿ ಬಂದು ಅದನ್ನೂ ತಪ್ಪಿಸಿದ್ದವು.

ಇದನ್ನು ವಿವರಿಸಿದಾಗ ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಬೂಟು ಕೊಟ್ಟಿದ್ದರು. ಬೂಟಿಲ್ಲದೆ ಯಂತ್ರ ಮುಟ್ಟಿದವನನ್ನು ಕೆಲಸದಿಂದ ತೆಗೆಯಲಾಗುವುದು ಎಂದು ಗೋಡೆಗೆ ಹಲಗೆ ಹಾಕಿತ್ತು.

‘ಬರೀಬೇಡಿ ಸಾರ್’ ಎಂದ. ‘ಲಿವರ್ ತಪ್ಪಾಗಿ ಎಳೆದೆ ಅಂದ್ರೆ ಕ್ಲೀನರ್ ಆಗಾದ್ರೂ ಇಟ್ಕೋಬೋದು. ಬೂಟು ಬಿಟ್ಟಿದ್ದೆ ಅಂದ್ರೆ ಇವತ್ತೇ ಮನೆಗೆ. ಊರಲ್ಲಿ ಜಮೀನೆಲ್ಲ ಅಣ್ಣಂದಿರ ಕೈಲದೆ. ಹೋಗಿ ಏನ್ಮಾಡ್ಲಿ?’

ಎರಡು ದಿನ ನಕ್ಷೆಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ಬರೆಯದಿದ್ದರೆ, ಅದೇ ದಿಮ್ಮಿ ಹಾಕಿಕೊಂಡು ಇಳಿಜಾರುಗಳಲ್ಲಿ ಕೆಲಸ ಮಾಡುತ್ತಿದ್ದ ಇನ್ನೂ ಕೆಲವು ಯಂತ್ರಗಳಿಗೂ ಅದೇ ಗತಿ. ಬರೆದರೆ ಇವನ ಕೆಲಸ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಫೋರ್‌ಮನ್ ಬಳಿ ಹೋಗಿ ಎಲ್ಲವನ್ನೂ ಬಾಯಿಮಾತಿನಲ್ಲಿ ಹೇಳಿದೆ.

ಗೋಡೆಯ ಹಲಗೆ ಹಾಕಿಸಿದ್ದು ಫೋರ್‌ಮನ್ನೇ. ಕಾಲಿನ ಮೇಲೆ ಚೈನಿನ ತುಂಡು ಬಿದ್ದು ಬೆರಳು ಕಳೆದುಕೊಂಡವರನ್ನು ಆತ ನೋಡಿದ್ದ. ಮಾತು ಮುಗಿಯುವ ಮೊದಲೇ ಮುಖ ಕೆಂಪಾಯಿತು.

‘ಬೂಟ್ ಕೊಟ್ಟಿದ್ದು ಯಾಕೆ ಮ್ಯಾನ್? ಚರ್ಚಿಗೆ ಹೋಗೋಕಾ? ಹೋಗ್ಲಿ ಅವನು. ಗೋ ಹೋಮ್!’

‘ಅವನೊಬ್ಬನೇ ಅಲ್ಲ’ ಎಂದೆ. ‘ಒಂದು ಸಲ ಯಾರ್ಡಿಗೆ ಬನ್ನಿ. ಹೇಳಿ ಕಳಿಸಬೇಡಿ, ಹಾಗೇ ಬನ್ನಿ.’

ಬಂದ. ಮೂರು ಯಂತ್ರಗಳು ಯಾರ್ಡಿನಲ್ಲಿ ಮಣ್ಣು ದೂಡುತ್ತಿದ್ದವು. ಬೇಲಿಯ ಪಕ್ಕ ಮೂರು ಜೊತೆ ಬೂಟುಗಳು ಒತ್ತಾಗಿ ಕೂತಿದ್ದವು. ಒಂದು ಜೊತೆ ಬ್ಲಾಕ್‌ಪಳ್ಳಿಯ ಒಬ್ಬ ಹಿರಿಯ ಆಪರೇಟರನದು. ಈಗಿನ ಶಿವಾಜಿನಗರಕ್ಕೆ ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದರು. ಫೋರ್‌ಮನ್‌ಗೆ ಆ ಹಿರಿಯನ ಮೇಲೆ ಬಹಳ ನಂಬಿಕೆ. ಕೈಬೀಸಿ ಯಂತ್ರ ನಿಲ್ಲಿಸಿ, ಕೆಳಗಿಂದಲೇ ಕೂಗಿದ.

‘ನೀನೂ ಪೂಜೆ ಮಾಡ್ತೀಯಾ ಮಿಯಾ?’

‘ಪೂಜೆ ಅವ್ರು ಮಾಡ್ತಾರೆ ಸಾಬ್. ಮಿಠಾಯಿ ನಾನು ತಿಂತೀನಿ’ ಎಂದ ಹಿರಿಯ. ‘ಅನ್ನ ಕೊಡೋ ಜಾಗ ಅಲ್ವಾ ಸಾಬ್? ಜೂತಾ ಹಾಕ್ಕೊಂಡು ಹೆಂಗೆ ಕೂರೋದು?’

‘ಕೂತಲ್ಲೇ ಎಡಗಡೆ ಬ್ರೇಕ್ ಒತ್ತು. ಪೂರ್ತಿ.’

ಹಿರಿಯ ಒತ್ತಿದ. ಫೋರ್‌ಮನ್ ಚೈನಿನ ಮೇಲೆ ಹತ್ತಿ, ಪೆಡಲಿನ ಕೆಳಗೆ ಉಳಿದ ಸಂದಿಗೆ ತನ್ನ ಎರಡು ಬೆರಳು ತೂರಿಸಿ ನೋಡಿದ. ಇಳಿದು ಬಂದು, ಬೇಲಿಯ ಪಕ್ಕದ ಬೂಟುಗಳ ಮುಂದೆ ನಿಂತ.

‘ಎಲ್ರನ್ನೂ ಮನೆಗೆ ಕಳಿಸಿದ್ರೆ ಗಾಡಿ ಯಾರು ಓಡಿಸ್ತಾರೆ? ನಾನಾ?’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ಮ್ಯಾನೇಜರ್‌ನ ದಿಬ್ಬದ ಹತ್ರ ಕರಿ. ಬೂಟಿನ ವಿಷ್ಯ ನಾನು ಮಾತಾಡ್ತೀನಿ. ನೀನು ಬಾಯಿ ಬಿಡ್ಬೇಡ’ ಎಂದ.

ದಿಬ್ಬದ ಮೇಲೆ ಎರಡನೆಯ ಪರೀಕ್ಷೆ ನಡೆಯಿತು. ಆಪರೇಟರ್ ಬೂಟು ಹಾಕಿಕೊಂಡೇ ಬಂದ. ಬಿಚ್ಚು ಎಂದ ಫೋರ್‌ಮನ್. ಅವನು ಮ್ಯಾನೇಜರ ಮುಖ ನೋಡಿದ, ಬಿಚ್ಚಲಿಲ್ಲ.

‘ಬಿಚ್ಚಯ್ಯಾ. ದಿನಾ ಬಿಚ್ತೀಯಲ್ಲ, ಇವತ್ತೇನು ನಾಚಿಕೆ?’

ಬಿಚ್ಚಿದ. ಹತ್ತಿದ. ಇಳಿಜಾರಿನ ನಡುವೆ ಎಡಗೈ ಲಿವರನ್ನು ಹಿಂದಕ್ಕೆ ಎಳೆದದ್ದು ನಮಗೆಲ್ಲ ಕಾಣಿಸಿತು. ಎಡಗಾಲು ನೀಳವಾಗಿ ಚಾಚಿದ್ದೂ ಕಾಣಿಸಿತು. ಯಂತ್ರ ಬಲಕ್ಕೆ ತಿರುಗಿತು. ಮ್ಯಾನೇಜರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ತಕ್ಷಣ ಬ್ಲೇಡನ್ನು ನೆಲಕ್ಕೆ ಬಿಟ್ಟು ಯಂತ್ರ ನಿಲ್ಲಿಸಿದ. ನಿಂತ ಮೇಲೆ ತನ್ನ ಎಡಗೈಯನ್ನು ನೋಡಿಕೊಂಡ. ಅದು ಇನ್ನೂ ಎಡಗಡೆಯ ಲಿವರಿನ ಮೇಲೆಯೇ ಇತ್ತು.

‘ಬೂಟು ಕಡ್ಡಾಯ ಅಂತ ಇನ್ನೊಂದು ಆರ್ಡರ್ ಹೊರಡಿಸೋಣ’ ಎಂದರು ಮ್ಯಾನೇಜರು.

‘ಆರ್ಡರ್ ಇದೆ ಸಾರ್, ಗೋಡೆ ಮೇಲೆ. ನಾನೇ ಬರೆಸಿದ್ದು’ ಎಂದ ಫೋರ್‌ಮನ್. ‘ಕೆಳಗೆ ಕೆಲಸ ಮಾಡೋವಾಗ ಬೂಟು ಬೇಕೇ ಬೇಕು. ಅದ್ರಲ್ಲಿ ಬಿಡೋ ಮಾತಿಲ್ಲ. ಮೇಲೆ ಕೂತಾಗ ಇವ್ರು ಹಾಕಲ್ಲ. ನಾವು ನೋಡೋವಾಗ ಹಾಕ್ತಾರೆ, ತಿರುಗಿದ್ರೆ ಬಿಚ್ತಾರೆ. ಪೆಡಲ್ ಬದಲಾಯಿಸ್ಬೋದು ಸಾರ್. ಇವ್ರನ್ನ ಹೆಂಗೆ ಬದಲಾಯಿಸ್ಲಿ?’

ಮ್ಯಾನೇಜರು ಪೇಟವನ್ನು ಸರಿಮಾಡಿಕೊಂಡರು. ‘ಪೆಡಲ್ ಬದಲಾಯಿಸಿ’ ಎಂದರು.

ಅದು ಹೇಳಿದಷ್ಟು ಸುಲಭವಾಗಲಿಲ್ಲ. ಸೀಟು ಡೀಸೆಲ್ ಟ್ಯಾಂಕಿಗೆ ತಾಗಿ ಕೂತಿದ್ದರಿಂದ ಮುಂದಕ್ಕೆ ತರುವಂತಿರಲಿಲ್ಲ. ಮೊದಲು ದಿಮ್ಮಿಯನ್ನೇ ಎತ್ತರ ಮಾಡಿದೆವು. ಬರಿಗಾಲಿಗೆ ಸರಿಹೋಯಿತು. ಆದರೆ ಬೇಸಿಗೆಯ ಮಳೆಗೆ ಬೂಟು ಹಾಕಿಕೊಂಡು ಹತ್ತಿದವನ ಕಾಲು ಸದಾ ಪೆಡಲಿಗೆ ತಾಗಿಕೊಂಡಿರುತ್ತಿತ್ತು. ಬ್ರೇಕು ಉಜ್ಜಿ, ಒಂದು ಮಧ್ಯಾಹ್ನದೊಳಗೆ ಲೈನಿಂಗ್ ಸುಟ್ಟ ವಾಸನೆ ಬಂತು. ಆಮೇಲೆ ಕೀಲು ಹಾಕಿ ಮಡಚುವ ತಗಡು ಮಾಡಿದೆವು. ಬರಿಗಾಲಿಗೆ ಎತ್ತುವುದು, ಬೂಟಿಗೆ ಇಳಿಸುವುದು. ಹೆಡ್ ಡ್ರಾಫ್ಟ್ಸ್‌ಮನ್ ಅದನ್ನು ಬಹಳ ಪ್ರೀತಿಯಿಂದ ಬರೆದಿದ್ದರು. ಕೆರೆಯ ಜಿಗುಟು ಮಣ್ಣು ಕೀಲಿನೊಳಗೆ ಸೇರಿ ಗಟ್ಟಿಯಾಗಿ, ಮೂರನೆಯ ದಿನ ಅದನ್ನು ಸುತ್ತಿಗೆಯಿಂದ ಬಡಿದು ಬಿಡಿಸಬೇಕಾಯಿತು. ಅವರು ಆ ನಕ್ಷೆಯನ್ನು ಮಡಿಚಿ ಡ್ರಾಯರಿಗೆ ಹಾಕಿದರು.

ಉಳಿದದ್ದು ಮರ. ಉಕ್ಕಿನ ದಿಮ್ಮಿಯನ್ನು ಕತ್ತರಿಸಿ ತೆಗೆದು, ಪೆಡಲಿಗೆ ಎರಡು ತೂತು ಕೊರೆದು, ಜಾಲಿ ಮರದ ಹಲಗೆಯನ್ನು ಎರಡು ಬೋಲ್ಟಿನಿಂದ ಬಿಗಿಯುವುದು. ಹಲಗೆಗಳನ್ನು ಬೇರೆಬೇರೆ ದಪ್ಪಕ್ಕೆ ಸೀಳಿಸಿಟ್ಟೆವು. ಬಿಸಿಲಿಗೆ ಉಕ್ಕಿನ ಹಾಗೆ ಮರ ಕಾಯುವುದಿಲ್ಲ ಎಂಬುದು ನಾವು ಲೆಕ್ಕ ಹಾಕದೆ ಸಿಕ್ಕ ಅನುಕೂಲ. ಚಾವಣಿಯ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿ, ತುರ್ತಿಗೆ ಎದ್ದು ನಿಲ್ಲುವಷ್ಟು ಜಾಗ ಬಿಟ್ಟೆವು. ಅಳತೆಯ ಕ್ರಮವನ್ನು ಫೋರ್‌ಮನ್ ಬದಲಾಯಿಸಿದ. ಆಫೀಸಿನ ಬೆಂಚು ಹೋಯಿತು. ಯಂತ್ರ ಕೈಗೆ ತೆಗೆದುಕೊಳ್ಳುವ ಪ್ರತಿಯೊಬ್ಬ ಆಪರೇಟರನೂ ಅದೇ ಯಂತ್ರದ ಮೇಲೆ, ದಿನಾ ಕೂರುವ ಹಾಗೆಯೇ ಕೂತು ಬ್ರೇಕನ್ನು ಕೊನೆಯವರೆಗೆ ತುಳಿದು ತೋರಿಸಬೇಕು. ಎಟುಕದಿದ್ದರೆ ದಪ್ಪ ಹಲಗೆ. ಆ ಹೊತ್ತು ಮ್ಯಾನೇಜರಾಗಲಿ ಆಫೀಸಿನವರಾಗಲಿ ಹತ್ತಿರ ಸುಳಿಯಕೂಡದು ಎಂದೂ ಹೇಳಿದ.

ಗೋಡೆಯ ಹಲಗೆ ಅಲ್ಲೇ ಉಳಿಯಿತು. ಅದರಲ್ಲಿ ‘ಯಂತ್ರ ಮುಟ್ಟಿದವನನ್ನು’ ಎಂದಿದ್ದ ಕಡೆ ‘ಯಂತ್ರದ ಕೆಳಗೆ ಕೆಲಸ ಮಾಡಿದವನನ್ನು’ ಎಂದು ಪೇಂಟರು ತಿದ್ದಿದ.

ವರದಿಯನ್ನು ಫೋರ್‌ಮನ್ ಬರೆದ, ನಕ್ಷೆಯನ್ನು ನಾನು ಬರೆದೆ. ಕಾರಣ, ಪೆಡಲಿನ ಎತ್ತರ ಕಡಿಮೆ ಎಂದಷ್ಟೇ ಅದರಲ್ಲಿತ್ತು. ಮಳೆಗಾಲ ಶುರುವಾಗುವ ಮೊದಲೇ ದೊಮ್ಮಲೂರಿನ ಆಪರೇಟರನನ್ನು ಅದೇ ಯಂತ್ರದ ಸೀಟಿಗೆ ವಾಪಸು ಹಾಕಿದರು. ಅವನು ಅದೇ ಕೆರೆಗೆ ಹೋಗಿ ಏರಿಯ ಉಳಿದ ಕೆಲಸ ಮುಗಿಸಿದ. ಷೆಡ್ಡಿನಲ್ಲಿ ಎಮ್ಮೆಯ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಮಾತ್ರ ಮತ್ತೆ ನಗಲು ಶುರುಮಾಡಿದ.

ಆ ದಿನಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಗರಗಸಕ್ಕೆ ಸಿಕ್ಕ ಜಾಲಿ ಮರದ ವಾಸನೆ, ದಿಬ್ಬದ ಕೆಂಪು ಧೂಳು, ಮೂರು ಭಾಷೆಗಳಲ್ಲಿ ಒಟ್ಟಿಗೆ ಬೈಯುತ್ತಿದ್ದ ಫೋರ್‌ಮನ್‌ನ ದನಿ. ಆತ ಮರುವರ್ಷ ಸಂಸಾರದೊಂದಿಗೆ ಹಡಗು ಹತ್ತಿ ವಿದೇಶಕ್ಕೆ ಹೋದ. ಹೊರಡುವ ಮೊದಲು ಷೆಡ್ಡಿಗೆ ಬಂದು ಎಲ್ಲರ ಕೈ ಕುಲುಕಿದ. ಒಂದು ಯಂತ್ರದ ಮೇಲೆ ಹತ್ತಿ ಕೂತ. ಹತ್ತುವ ಮುಂಚೆ ಏನು ಮಾಡುತ್ತಾನೆ ಎಂದು ನೋಡಲು ಆಪರೇಟರುಗಳೆಲ್ಲ ಕಾಯುತ್ತಿದ್ದರು. ಆತ ಬೂಟು ಬಿಚ್ಚಲಿಲ್ಲ. ಅವರೂ ಏನೂ ಅನ್ನಲಿಲ್ಲ.

1949ರಲ್ಲಿ ಆ ಬುಲ್‌ಡೋಜರನ್ನು ಉತ್ತರದ ಒಂದು ಅಣೆಕಟ್ಟಿನ ಕೆಲಸಕ್ಕೆ ರೈಲಿನಲ್ಲಿ ಕಳಿಸಿದರು. ದೊಮ್ಮಲೂರಿನ ಆಪರೇಟರ್ ತಾನೇ ಅದನ್ನು ಬೋಗಿಗೆ ಹತ್ತಿಸಿ, ಜೊತೆಯಲ್ಲೇ ಹೋದ. ಅವನ ಬಗ್ಗೆ ನನಗೆ ಬಂದ ಕೊನೆಯ ಸುದ್ದಿ, ಅಣೆಕಟ್ಟಿನಲ್ಲಿ ಮೊದಲೇ ಇದ್ದ ಬೇರೆ ಯಂತ್ರಗಳ ಪೆಡಲಿಗೂ ಅವನು ಮರದ ಹಲಗೆ ಹಾಕಿಸಿದ್ದಾನೆ ಎಂಬುದು.